ಹೆಸರು ಬರುವ ಹೊತ್ತಿಗೆ

ಟಾರ್ಚಣ್ಣ ಜೀವಮಾನದಲ್ಲಿ ಒಂದೇ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವನಲ್ಲ. ಹೀಗೆಂದರೆ ಯಾರೂ ನಂಬುವುದಿಲ್ಲ, ಏಕೆಂದರೆ ಮೀಸೆ ಚಿಗುರಿದಾಗಿನಿಂದ ಅವನು ಕೆಲಸ ಮಾಡುತ್ತಿರುವುದೇ ಥಿಯೇಟರಿನಲ್ಲಿ. ಆದರೆ ಅವನದು ಪರದೆಗೆ ಬೆನ್ನು ಹಾಕಿ ಮಾಡುವ ಕೆಲಸ. ತಡವಾಗಿ ಬಂದವರಿಗೆ ಟಾರ್ಚು ಬಿಟ್ಟು ಸೀಟು ತೋರಿಸಬೇಕು, ಮುಂದಿನ ಸೀಟಿನ ಮೇಲೆ ಕಾಲು ಚಾಚಿದವರನ್ನು ಗದರಬೇಕು, ಅಳುವ ಕೂಸನ್ನು ಎತ್ತಿಕೊಂಡ ತಾಯಿಯನ್ನು ಹೊರಗಿನ ಬೆಂಚಿಗೆ ಕಳಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಕೆಲಸ. ಕಥೆ ಮುಗಿದು ಸಂಗೀತ ಬದಲಾಯಿತೋ ಇಲ್ಲವೋ, ಬಾಗಿಲಿನ ಕರ್ಟನ್ ಸರಿಸಿ, ಚಿಲಕ ಎಳೆದು, ಎರಡೂ ಬಾಗಿಲು ಹಾರುಹೊಡೆಯಬೇಕು. ಜನ ಬೇಗ ಖಾಲಿಯಾದರೆ ತಾನೇ ಕಸ ಗುಡಿಸಿ ಮುಂದಿನ ಆಟಕ್ಕೆ ಒಳಗೆ ಬಿಡುವುದು? ಇದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೆಂಚಿನ ಮೇಲೆ ತೂಕಡಿಸುತ್ತಿದ್ದರೂ ಸಂಗೀತ ಬದಲಾದೊಡನೆ ಎದ್ದು ನಿಲ್ಲುತ್ತಿದ್ದ.

ಸಿನಿಮಾ ನೋಡದಿದ್ದರೇನು, ಸಿನಿಮಾದ ವ್ಯವಹಾರ ತನಗೆ ಅಂಗೈ ಮೇಲಿನ ಗೆರೆಯಷ್ಟು ಗೊತ್ತು ಎಂದೇ ಅವನು ನಂಬಿದ್ದ. ಹೊಸ ಚಿತ್ರ ಬಂದ ದಿನ ಸಾಲು ಗೇಟು ದಾಟಿ ರಸ್ತೆಗೆ ಇಳಿಯುತ್ತಿತ್ತು. ಹೌಸ್‌ಫುಲ್ ಬೋರ್ಡು ನೇತುಹಾಕುವವನು ಅವನೇ. ಟಿಕೆಟ್ ಸಿಗದವರು ಅವನ ಕೈಗೆ ನೋಟು ತುರುಕಿ ಗೋಗರೆಯುತ್ತಿದ್ದರು. ಅದನ್ನೆಲ್ಲ ನೋಡಿದವನಿಗೆ ಸಿನಿಮಾದಲ್ಲಿ ದುಡ್ಡಿಲ್ಲ ಎಂದು ಯಾರು ಹೇಳಿದರೆ ತಾನೇ ತಲೆಗೆ ಹೋದೀತು?

ಹಾಗಾಗಿ ಮಗಳು ಸಿನಿಮಾ ಕಾಲೇಜಿನಲ್ಲಿ ಎಡಿಟಿಂಗ್ ಡಿಗ್ರಿ ಓದುತ್ತೇನೆ ಎಂದಾಗ ಅವನಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷವಾಯಿತು. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಹಿಂದಿನ ಸಾಲಿನಲ್ಲಿ ಕೂತು ಒಂದೇ ಚಿತ್ರವನ್ನು ವಾರವಿಡೀ ನೋಡುತ್ತಿದ್ದ ಹುಡುಗಿ ಅವಳು. ಕಾಲೇಜಿನಲ್ಲಿ ಸೀಟು ಸಿಕ್ಕಿದ್ದು ಅವಳ ಸ್ವಂತ ಬುದ್ಧಿಯಿಂದ. ಆದರೆ ಫೀಸು ಕೇಳಿ ಹೆಂಡತಿ ಕೈಯಲ್ಲಿದ್ದ ಹೊಲಿಗೆ ಕೆಳಗಿಟ್ಟಳು. ಅವಳು ಮನೆಯಲ್ಲೇ ದಿಂಬಿನ ಕವರು ಹೊಲಿದು ಅಂಗಡಿಗೆ ಕೊಡುವವಳು. ಪ್ರತಿ ಹೊಲಿಗೆಗೂ ಎಷ್ಟು ಗಿಟ್ಟುತ್ತದೆ ಎಂದು ನೋಡಿಯೇ ಅಭ್ಯಾಸ.

"ಇದನ್ನ ಓದಿದೋರಿಗೆ ಸಂಬಳ ಎಷ್ಟು ಬರುತ್ತೇರೀ?" ಎಂದು ಕೇಳಿದಳು.

"ಅದನ್ನ ಅಲ್ಲಿ ಹೋಗಿ ಕೇಳೋಕಾಗುತ್ತಾ? ಪುಸ್ತಕದಲ್ಲಿ ಫೋಟೋ ಹಾಕಿದಾರಲ್ಲ, ನೋಡು."

ಕಾಲೇಜಿನ ಪುಸ್ತಕದಲ್ಲಿ ದೊಡ್ಡವರಾದ ಮೂರು ಜನರ ಫೋಟೋ ಇದ್ದವು. ಅವರ ಜೊತೆ ಓದಿದ ಮಿಕ್ಕವರೆಲ್ಲ ಎಲ್ಲಿ ಹೋದರು ಎಂದು ಕೇಳುವ ಬುದ್ಧಿ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಉತ್ತರ ಹೇಳುವವರು ಯಾರಿದ್ದರು?

ಫೀಸಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನ ಅಧಿಕಾರಿಯೂ ಅದೇ ಸಂಬಳದ ಪ್ರಶ್ನೆ ಎತ್ತಿದ. ಟಾರ್ಚಣ್ಣ ಎದೆ ಸೆಟೆಸಿ, "ಸಾರ್, ನಮ್ಮ ಥಿಯೇಟರ್ ಮುಂದೆ ಒಂದಿನ ಬಂದು ನಿಂತ್ಕೊಳ್ಳಿ. ಜನ ದುಡ್ಡು ಸುರೀತಾರೆ" ಎಂದ.

"ಸುರೀತಾರೆ ಯಜಮಾನ್ರೇ. ಅದು ಯಾರ ಜೇಬಿಗೆ ಬೀಳುತ್ತೆ?"

ಅಧಿಕಾರಿ ತಮಾಷೆ ಮಾಡುತ್ತಿದ್ದಾನೆಂದು ಟಾರ್ಚಣ್ಣ ಹಲ್ಲು ಬಿಟ್ಟ. ಹೆಂಡತಿಗೆ ತವರಿಂದ ಬಂದ ಪುಟ್ಟ ಮನೆಯ ಪತ್ರ ಅಡವಿಟ್ಟು, ತೋರಿಸಿದಲ್ಲೆಲ್ಲ ಸಹಿ ಹಾಕಿ ಎದ್ದುಬಂದ.

ಡಿಗ್ರಿ ಮುಗಿಯಿತು. ಸಾಲದ ಕಂತು ಹೇಳಿದ ತಿಂಗಳಿಗೆ ಸರಿಯಾಗಿ ಶುರುವಾಯಿತು. ಸಂಪಾದನೆ ಮಾತ್ರ ಶುರುವಾಗಲಿಲ್ಲ. ಮಗಳು ದೂರದ ದೊಡ್ಡ ಊರಿನಲ್ಲಿ ಎಡಿಟರೊಬ್ಬನ ಸಹಾಯಕನಿಗೆ ಸಹಾಯಕಿಯಾಗಿದ್ದಳು. ಕೆಲಸವಿದ್ದ ದಿನ ಊಟ, ಬಸ್ ಚಾರ್ಜು ಕೊಡುತ್ತಿದ್ದರು. ಸಂಬಳದ ಮಾತೆತ್ತಿದರೆ "ಮುಂದಿನ ಚಿತ್ರಕ್ಕೆ ನೋಡೋಣಮ್ಮ" ಎನ್ನುತ್ತಿದ್ದರು. "ಈ ಸಲ ಸಿನಿಮಾ ಕೊನೇಲಿ ನನ್ನ ಹೆಸರು ಹಾಕ್ತಾರಂತೆ ಅಪ್ಪ" ಎಂದು ಅವಳು ಫೋನಿನಲ್ಲಿ ಹೇಳಿದಾಗ ಟಾರ್ಚಣ್ಣ ಹಿಗ್ಗಿದ. ಹೆಸರು ಕೊಟ್ಟರೆ ಬ್ಯಾಂಕಿನವರು ಕಂತು ಬಿಟ್ಟುಬಿಡುತ್ತಾರಾ ಎಂದು ಹೆಂಡತಿ ಕೇಳಿದಳು. ಅವನ ಸಂಬಳದ ಬಹುಪಾಲು ಕಂತಿಗೇ ಹೋಗಿ, ಮನೆ ದಿಂಬಿನ ಕವರಿನ ಮೇಲೆ ನಡೆಯುತ್ತಿತ್ತು. ಎರಡು ಕಂತು ತಪ್ಪಿದಾಗ ಬ್ಯಾಂಕಿನವನು ಮನೆ ಬಾಗಿಲಿಗೇ ಬಂದು, ಗೋಡೆಯನ್ನು ಕೈಯಿಂದ ತಟ್ಟಿ ನೋಡಿ ಹೋದ. ಆ ತಟ್ಟಿದ ಸದ್ದು ಹೆಂಡತಿಯ ಕಿವಿಯಿಂದ ಹೋಗಲೇ ಇಲ್ಲ.

ಮಗಳ ಹೆಸರಿದ್ದ ಆ ಚಿತ್ರ ಟಾರ್ಚಣ್ಣನ ಥಿಯೇಟರಿಗೇ ಬಂತು. ಮಗಳೂ ಬಂದಳು, ಕಣ್ಣ ಕೆಳಗೆ ಕಪ್ಪು ಕಟ್ಟಿಸಿಕೊಂಡು. ಟ್ಯೂಷನ್ ಪಾಠಗಳ ವಿಡಿಯೋ ಮಾಡುವ ಕಂಪನಿಯೊಂದು ಕೆಲಸಕ್ಕೆ ಕರೆದಿದೆ ಎಂದಳು. ಮೇಷ್ಟ್ರು ಕೆಮ್ಮಿದ್ದು, ತೊದಲಿದ್ದು, ಬೋರ್ಡು ಒರೆಸಿದ್ದು ಎಲ್ಲ ಕತ್ತರಿಸಿ ತೆಗೆಯುವ ಕೆಲಸ. ಸಂಬಳದಲ್ಲಿ ಕಂತು ಕಟ್ಟಿ ಒಂದಿಷ್ಟು ಮಿಗುತ್ತದೆ. ಅಲ್ಲಿಗೆ ಹೋದರೆ ಸಿನಿಮಾದವರು ಇವಳನ್ನು ಮತ್ತೆ ಕರೆಯುವುದಿಲ್ಲ, ಇವಳ ಜಾಗಕ್ಕೆ ಹೊರಗೆ ಹತ್ತಾರು ಜನ ಕಾದಿದ್ದಾರೆ.

"ಹೋಗ್ಲೋ ಬೇಡ್ವೋ ನೀನೇ ಹೇಳಪ್ಪ. ಮೊದ್ಲು ಹೆಸರು ನೋಡು, ಆಮೇಲೆ ಹೇಳು."

ಮಧ್ಯಾಹ್ನದ ಆಟಕ್ಕೆ ತಾಯಿ ಮಗಳು ಹಿಂದಿನ ಸಾಲಿನಲ್ಲಿ ಕೂತರು. ಹೆಸರುಗಳು ಮುಗಿಯುವವರೆಗೆ ನಿಲ್ಲಿಸಬೇಡಪ್ಪಾ ಎಂದು ಟಾರ್ಚಣ್ಣ ಪ್ರೊಜೆಕ್ಟರ್ ಆಪರೇಟರಿಗೆ ಮೊದಲೇ ದಮ್ಮಯ್ಯ ಹಾಕಿದ್ದ. ಬಾಗಿಲು ತೆಗೆಯಬಾರದೆಂದು ತನಗೆ ತಾನೇ ಹತ್ತು ಸಲ ಹೇಳಿಕೊಂಡಿದ್ದ. ಕಥೆ ಮುಗಿಯಿತು. ಸಂಗೀತ ಬದಲಾಯಿತು. ಅವನ ಕೈ ಅವನನ್ನು ಕೇಳದೆಯೇ ಕರ್ಟನ್ ಸರಿಸಿ ಚಿಲಕ ಎಳೆಯಿತು.

ಬಿಸಿಲು ಒಳಗೆ ನುಗ್ಗಿ ಪರದೆ ಬಿಳಿಚಿಕೊಂಡಿತು. ಜನ ಎದ್ದರು. ಅಯ್ಯೋ ಎಂದು ಬಾಗಿಲು ಎಳೆಯಲು ಹೋದರೆ ಆಗಲೇ ಹತ್ತಾರು ಮಂದಿ ಹೊಸ್ತಿಲ ಮೇಲಿದ್ದರು. ತಲೆಗಳ ಮೇಲಿಂದ ತುದಿಗಾಲಲ್ಲಿ ನಿಂತು ನೋಡುತ್ತಿದ್ದ ಮಗಳು ಮಾತ್ರ ಅವನಿಗೆ ಕಂಡಳು.

"ಬಂತೇನೇ?" ಎಂದು ತಾಯಿ ಕೇಳಿದಳು.

"ಬಂದು ಹೋಯ್ತಮ್ಮ."

ಟಾರ್ಚಣ್ಣನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಹೆಂಡತಿ ಹೊಲಿಗೆ ಬಾಕಿಯಿದೆ ಎಂದು ಮನೆಗೆ ಹೊರಟಳು. ಮಗಳು ಹೊರಗಿನ ಬೆಂಚಿನ ಮೇಲೆ ಕೂತು, "ಸಂಜೆ ಆಟದಲ್ಲಿ ನೋಡು, ಇಲ್ಲೇ ಇರ್ತೀನಿ" ಎಂದಳು.

ಸಂಜೆ ಆಟದ ಕೊನೆಗೆ ಅವನು ಬಾಗಿಲಿಗೆ ಬೆನ್ನು ಒತ್ತಿ, ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟ. ಜನ ಬಂದು ಮುತ್ತಿದರು. "ಬಾಗಿಲು ತೆಗೀರಿ ಯಜಮಾನ್ರೇ, ಬಸ್ಸು ತಪ್ಪುತ್ತೆ." "ನಿದ್ದೆ ಮಾಡ್ತಿದಾನೇನ್ರೀ ಇವ್ನು?" ಅವನು ಅಲುಗಾಡಲಿಲ್ಲ. ಜೀವನದಲ್ಲಿ ಮೊದಲ ಸಲ ಪರದೆಗೆ ಮುಖ ಮಾಡಿ ಆ ಹೆಸರುಗಳನ್ನು ಓದಿದ. ದೊಡ್ಡ ಅಕ್ಷರದವರು ಹೋದರು, ನಡುವಿನವರು ಹೋದರು, ಆಮೇಲೆ ಸಾಸಿವೆಯಷ್ಟು ಅಕ್ಷರಗಳು ಗುಂಪು ಗುಂಪಾಗಿ ಹತ್ತಿ ಬಂದವು. ಅವುಗಳ ನಡುವೆ ಮಗಳ ಹೆಸರು ಬಂತು. ಕಣ್ಣು ತುಂಬಿಕೊಳ್ಳುವಷ್ಟರಲ್ಲಿ ಮೇಲೆ ಹೋಯಿತು. ಅದರ ಹಿಂದೆ ಇನ್ನೂ ಎಷ್ಟೋ ಹೆಸರುಗಳು ಬರುತ್ತಲೇ ಇದ್ದವು.

ಇವರಿಗೂ ಅಪ್ಪಂದಿರು ಇದ್ದಾರು, ಅವರೂ ಎಲ್ಲೋ ಸಹಿ ಹಾಕಿದ್ದಾರು ಎಂದು ಟಾರ್ಚಣ್ಣನಿಗೆ ಅನ್ನಿಸಿತು. ಅವನು ಕಂಡಿದ್ದೆಲ್ಲ ಬಾಗಿಲಲ್ಲಿ ಒಳಗೆ ಬರುವ ಜನವನ್ನು. ಈ ಹೆಸರುಗಳ ಜನ ದಿನಾ ಪರದೆಯ ಮೇಲೆ ಬಂದು ಹೋಗುತ್ತಿದ್ದಾಗ ಇವನು ಅವರ ಮೇಲೆ ಬಿಸಿಲು ಬಿಟ್ಟುಕೊಂಡು ಬಂದಿದ್ದ. ಯಾರೋ ಭುಜ ಹಿಡಿದು ಪಕ್ಕಕ್ಕೆ ತಳ್ಳಿ ಚಿಲಕ ಎಳೆದರು. ಮ್ಯಾನೇಜರ್ ಓಡಿಬಂದು ಎಲ್ಲರೆದುರಿಗೇ ಮುಖಕ್ಕೆ ಮಂಗಳಾರತಿ ಮಾಡಿ, ಇನ್ನೊಂದು ಸಲ ಹೀಗಾದರೆ ಕೆಲಸವಿಲ್ಲ ಎಂದ.

ಅವನು ಹೋಗಿ ಬೆಂಚಿನ ಮೇಲೆ ಮಗಳ ಪಕ್ಕ ಕೂತ.

"ನೋಡ್ದೆ" ಎಂದ. ಟಾರ್ಚನ್ನು ಬೆಂಚಿನ ಮೇಲಿಟ್ಟು, "ಅಷ್ಟು ಜನಕ್ಕೂ ಸಂಬಳ ಕೊಡ್ತಾರಾ?" ಎಂದು ಕೇಳಿದ.

"ಇಲ್ಲಪ್ಪ."

ಬೇಡ ಮಗಳೇ, ಆ ಕೆಮ್ಮು ಕತ್ತರಿಸೋ ಕೆಲಸಕ್ಕೆ ಹೋಗಬೇಡ ಎನ್ನುವ ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು. ಗೋಡೆ ತಟ್ಟಿದ ಸದ್ದು ನೆನಪಾಯಿತು.

"ಸೇರ್ಕೋ" ಎಂದ.

ಮಗಳು ತಲೆಯಾಡಿಸಿದಳು. "ನಿನ್ನೇನೇ ಹೂಂ ಅಂದ್ಬಿಟ್ಟಿದೀನಿ."

"ಮತ್ತೆ ನನ್ನ ಯಾಕೆ ಕೇಳ್ದೆ?"

"ಒಂದ್ವೇಳೆ ನೀನು ಬೇಡ ಅಂದ್ರೆ ಅಂತ."

ಬೇಡ ಎಂದುಬಿಡಲು ಈಗಲೂ ಹೊತ್ತು ಮೀರಿರಲಿಲ್ಲ, ಆದರೆ ಆಮೇಲೆ ಕಂತು ಕಟ್ಟಲು ಟಾರ್ಚಣ್ಣನ ಹತ್ತಿರ ಏನಿತ್ತು? ಅಷ್ಟರಲ್ಲಿ ಮುಂದಿನ ಆಟದ ಬೆಲ್ಲು ಹೊಡೆಯಿತು. ಮಗಳೇ ಬೆಂಚಿನ ಮೇಲಿದ್ದ ಟಾರ್ಚನ್ನು ಎತ್ತಿ ಅವನ ಕೈಗೆ ಕೊಟ್ಟಳು.

ಮಾರನೆಯ ದಿನ ಅವಳು ಬಸ್ಸು ಹತ್ತಿದಳು. ಮಧ್ಯಾಹ್ನದ ಆಟ ಮುಗಿದು ಸಂಗೀತ ಬದಲಾದಾಗ ಟಾರ್ಚಣ್ಣ ಪರದೆಯ ಕಡೆ ತಿರುಗಲಿಲ್ಲ. ಮಗಳ ಹೆಸರು ಎಷ್ಟು ಹೊತ್ತಿಗೆ ಬರುತ್ತದೆಂದು ಈಗ ಅವನಿಗೆ ಗೊತ್ತಿತ್ತು. ಅದನ್ನು ಕಂಡರೆ ಮತ್ತೆ ಬಾಗಿಲಿಗೆ ಅಡ್ಡ ನಿಂತುಬಿಟ್ಟೇನೆಂದು, ಬರುವ ಮೊದಲೇ ಚಿಲಕ ಎಳೆದು, ಬಾಗಿಲನ್ನು ಪೂರ್ತಿ ತೆರೆದು, ಜನರಿಗೆ ದಾರಿ ಬಿಟ್ಟು ನಿಂತ.