ಅಂಕಮ್ಮ ಅಡ್ಡಗಟ್ಟಿದ ನೀರು

ದುದ್ದದ ಅಂಕಮ್ಮನ ಬಾಯಲ್ಲಿ ಸದಾ ಇದ್ದ ಮಾತು ‘ಅಡ್ಡಗಟ್ಟು’. ಹಗ್ಗ ಕಿತ್ತು ಓಡುವ ಹಸುವನ್ನು ಅಡ್ಡಗಟ್ಟುವಳು, ಮಂಡ್ಯದ ಬಸ್ಸನ್ನೂ ನಡುರಸ್ತೆಯಲ್ಲಿ ನಿಂತು ಅಡ್ಡಗಟ್ಟುವಳು. ಹರಿಯುವುದಕ್ಕೆ ಅಡ್ಡವಾಗಿ ಕಟ್ಟೆ ಕಟ್ಟುವುದೇ ಅಡ್ಡಗಟ್ಟುವುದು, ಆ ಮಾತು ಹುಟ್ಟಿದ್ದೇ ಕಾಲುವೆಯಲ್ಲಿ ಎಂದು ವಾದ ಬೇರೆ ಮಾಡುವಳು.

ಎಪ್ಪತ್ಮೂರನೇ ಇಸವಿಯಲ್ಲಿ ಕೆಳಗದ್ದೆಯ ವಾರಗಿತ್ತಿ ಚಿಕ್ಕಬೋರಮ್ಮ ಹೊಸ ತಳಿಯ ಭತ್ತ ನಾಟಿ ಮಾಡಿಸಿದಳು. ಅಂಕಮ್ಮನ ಗದ್ದೆಯಲ್ಲಿ ಇನ್ನೂ ಗೊಬ್ಬರವಷ್ಟೇ ಬಿದ್ದಿತ್ತು. ಆ ಗಿಣಿಹಸಿರು ಪೈರು ಕಂಡಾಗಲೆಲ್ಲ ಅವಳ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

“ನನ್ ಗದ್ದೆ ದಾಟ್ಕೊಂಡು ಆ ಮೂದೇವಿ ಗದ್ದೆಗೆ ನೀರು ಓಗ್ಬೇಕಾ? ಅದೆಂಗೆ ಓಯ್ತದೋ ನೋಡೇಬುಡ್ತೀನಿ!” ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುದ್ದಲಿ ಹಿಡಿದು, ಮಣ್ಣು ಹುಲ್ಲು ಮೆತ್ತಿ ಕಾಲುವೆಯನ್ನು ಅಡ್ಡಗಟ್ಟಿದಳು. ಮನೆಗೆ ಹೋಗಿ ಎಂದೂ ಇಲ್ಲದ ಹಾಗೆ ಹೊಟ್ಟೆ ತುಂಬ ಮುದ್ದೆ ಉಂಡಳು.

ಮಧ್ಯಾಹ್ನ ಬಂದು ನೋಡಿದರೆ, ಅಡ್ಡಗಟ್ಟಿದ ನೀರು ಇವಳ ಗದ್ದೆಗೇ ನುಗ್ಗಿ, ಗಾಡಿಗಟ್ಟಲೆ ಹೊಡೆಸಿದ್ದ ಗೊಬ್ಬರವನ್ನೆಲ್ಲ ಬಳಿದುಕೊಂಡು, ಬದು ಒಡೆದು ಕೆಳಗದ್ದೆಗೆ ಇಳಿದಿತ್ತು.

ಪೈರಿನ ನಡುವೆ ನಿಂತಿದ್ದ ಚಿಕ್ಕಬೋರಮ್ಮ ಕೂಗಿದಳು: “ನೀರು ಬುಟ್ಟಿದ್ರೆ ಸಾಕಾಗಿತ್ತು ಕಣಕ್ಕೋ. ಗೊಬ್ಬರಾನೂ ಯಾಕ್ ಕಳಿಸ್ದೆ?”