ಮುಳುಗಿದ ಹೊಲಕ್ಕೆ ಬರುವ ಅತಿಥಿಗಳು

ಹಿಪ್ಪರಗಿಯ ಹೊಳೆದಂಡೆಯಲ್ಲಿ ಇನ್ನೂ ಮಬ್ಬುಗತ್ತಲೆ. ಸುವರ್ಣಾ ಮೊಣಕಾಲುದ್ದ ನೀರಿಗಿಳಿದು, ಬೊಗಸೆ ನೀರನ್ನು ಕಣ್ಣಿಗೊತ್ತಿಕೊಂಡು, "ಗಂಗವ್ವ, ನಡಸವ್ವ" ಎಂದು ದೋಣಿಯನ್ನು ನೂಕುತ್ತಾಳೆ. ಹತ್ತಿ ಕೂತು ಹಾಯಿಯ ಹಗ್ಗ ಎಳೆಯುತ್ತಾಳೆ. ಬನಹಟ್ಟಿಯ ಮಗ್ಗದ ಮನೆಗಳಿಂದ ತಂದ ತುಂಡುಬಟ್ಟೆ ಕೂಡಿಸಿ ಆಕೆಯೇ ಹೊಲಿದ ಹಾಯಿ ಅದು. ಜಾಲಿತೊಗಟೆಯ ನೀರಲ್ಲಿ ಅದ್ದಿ ಮಣ್ಣಿನ ಬಣ್ಣಕ್ಕೆ ತಂದಿದ್ದಾಳೆ. ಬಿಳಿ ಬಟ್ಟೆ ಪಟಪಟಿಸಿದರೆ ಹಕ್ಕಿಗಳು ಹೆದರಿ ಮೇಲೇಳುತ್ತವೆ.

ಇಂದು ಎಳ್ಳಮಾವಾಸ್ಯೆ. ದೋಣಿಯ ನಡುವೆ ಅತ್ತೆ ಮುದಕವ್ವ ಬುಟ್ಟಿಯನ್ನು ಮಡಿಲಿಗಿಟ್ಟುಕೊಂಡು ಕೂತಿದ್ದಾರೆ. ಒಳಗೆ ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಯ. ಹೊಲಕ್ಕೆ ಹೋಗಿ ಭೂತಾಯಿಗೆ ಚೆಲ್ಲುವ ಚರಗ. ಮುದಕವ್ವನ ಹೊಲ ಮಾತ್ರ ಈಗ ನೀರೊಳಗಿದೆ. ಬ್ಯಾರೇಜಿನ ಹಿನ್ನೀರು ಹರಡಿದ ಮೇಲೆ ಉಳಿದದ್ದು ಒಂದು ದಿಬ್ಬ. ನೀರು ತುಸು ಇಳಿದಾಗ ಎಮ್ಮೆಯ ಬೆನ್ನಿನಂತೆ ಮೇಲೇಳುತ್ತದೆ.

"ದಿಬ್ಬಕ್ಕ ದೋಣಿ ಹಚ್ಚತೀ ಇಲ್ಲ?" ದಂಡೆ ಬಿಡುವಾಗಲೇ ಅತ್ತೆಯ ಪ್ರಶ್ನೆ.

"ನೋಡೂಣು ತಡಿ ಅತ್ತಿ," ಎಂದು ಸುವರ್ಣಾ ಗಾಳಿಯತ್ತ ಮುಖ ತಿರುಗಿಸುತ್ತಾಳೆ.

ಚಳಿ ಬಿತ್ತೆಂದರೆ ಆ ದಿಬ್ಬದ ಕೆಸರಿಗೆ ಗುಬ್ಬಿ ಗಾತ್ರದ ಹಕ್ಕಿಗಳು ಬಂದಿಳಿಯುತ್ತವೆ. ಬೂದು ಬೆನ್ನು, ಬಿಳಿ ಹೊಟ್ಟೆ, ಕಪ್ಪು ಕಾಲು. ಕಸೂತಿ ಹಾಕುವವರ ಸೂಜಿಯಂತೆ ಕೊಕ್ಕನ್ನು ಕೆಸರಿಗೆ ಚುಚ್ಚಿ ತೆಗೆಯುತ್ತ ಓಡಾಡುತ್ತವೆ. ಸುವರ್ಣಾ ಇಟ್ಟ ಹೆಸರು ಕೆಸರಗುಬ್ಬಿ. ಅವು ಮರಿ ಮಾಡುವುದು ಉತ್ತರ ಧ್ರುವದ ಅಂಚಿನಲ್ಲಿ, ಹಿಮಕರಡಿ ಅಲೆಯುವ ಸೀಮೆಯಲ್ಲಿ.

"ಅಲ್ಲಿ ಬ್ಯಾಸಗ್ಯಾಗ ಹೊತ್ತ ಮುಳುಗೂದ ಇಲ್ಲಂತ್ರಿ. ಚಳಿಗಾಲಕ್ಕ ಎಲ್ಲಾ ಬರ್ಫ ಆಗಿಬಿಡತೈತಿ, ಉಣ್ಣಾಕ ಏನೂ ಸಿಗಂಗಿಲ್ಲ. ಅದಕ್ಕ ಇಷ್ಟ ದೂರ ಬರತಾವು," ಎಂದು ಹಕ್ಕಿ ನೋಡಲು ಬಂದವರಿಗೆ ಹೇಳುತ್ತಾಳೆ.

ಇದನ್ನು ಆಕೆಗೆ ಹೇಳಿದವರು ಹುನ್ನೂರಿನ ಮಾಸ್ತರ ಜ್ಞಾನೇಶ್ವರ. ಕೆಲವು ವರ್ಷದ ಹಿಂದೆ ಅವರು ಹಕ್ಕಿ ನೋಡಲು ಬಂದಾಗ ಗಂಡ ಹೊಳೆಪ್ಪ ಇಂಜಿನ್ ದೋಣಿ ತೆಗೆದುಕೊಂಡು ಮೀನಿಗೆ ಹೋಗಿದ್ದ. ಮನೆಯಲ್ಲಿದ್ದದ್ದು ಮಾವನ ಕಾಲದ ಹಳೆಯ ದೋಣಿ. ಸುವರ್ಣಾ ಅದಕ್ಕೆ ಹಾಯಿಯಂತೆ ಒಂದು ಚಾದರ ಕಟ್ಟಿ ಮಾಸ್ತರರನ್ನು ಕರೆದೊಯ್ದಳು. ಸದ್ದಿಲ್ಲದೆ ತೇಲಿ ಬಂದ ದೋಣಿಗೆ ಹಕ್ಕಿಗಳು ಹೆದರಲಿಲ್ಲ. ಅಂದಿನಿಂದ ಜಮಖಂಡಿ, ಮುಧೋಳದ ಕಡೆಯಿಂದ ದುರ್ಬೀನು ಹಿಡಿದು ಬರುವವರಿಗೆಲ್ಲ ದೋಣಿ ನಡೆಸುವವಳು ಈಕೆಯೇ. ಬೆಳಿಗ್ಗೆ ಒಂದು ಸುತ್ತು, ಹೊತ್ತಿಳಿದಾಗ ಒಂದು. ನಾಲ್ವರಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಳ್ಳುವುದಿಲ್ಲ. ನಡುವಿನ ಹೊತ್ತು ಬಲೆ ಹೊಲಿಯುವುದು, ಮೀನು ಮಾರುವುದು. ಗಾಳಿ ಬಿದ್ದ ದಿನ ಹುಟ್ಟು ಹಾಕಿ ಹಾಕಿ ರಟ್ಟೆ ಸೇದುತ್ತವೆ.

ಇಂದು ದಾರಿಯಲ್ಲಿ ಬಲೆ ಎತ್ತುತ್ತಿದ್ದ ಮೀನುಗಾರ ದಶರಥ ಕಂಡವನೇ ಕೆಣಕುತ್ತಾನೆ. "ಸುವರ್ಣಕ್ಕಾ, ಇಂಜಿನ್ ಹಚ್ಚಬೇ. ನೀ ಹೋಗಿ ಮುಟ್ಟೂದ್ರಾಗ ಅವು ತಮ್ಮೂರಿಗೆ ಹೊಳ್ಳಿ ಹೋಗಿರತಾವು."

"ನಿನ್ನ ಇಂಜಿನ್ ಸಪ್ಪಳಕ್ಕ ಮೀನ ಊರ ಬಿಟ್ಟಾವು. ಮೊದ್ಲ ಅದನ್ನ ನೋಡಪಾ."

ಅವನು ನಗುತ್ತಾನೆ. ಸುವರ್ಣಾ ನಗುವುದಿಲ್ಲ. ಮನಸ್ಸು ಹೋದ ವರ್ಷದ ಎಳ್ಳಮಾವಾಸ್ಯೆಯಲ್ಲಿದೆ. ಅಂದು ಮುದಕವ್ವ ದಿಬ್ಬದ ಮೇಲೆ ಇಳಿದು ಚರಗ ಚೆಲ್ಲಿದ್ದರು. ದೂರದಿಂದ ಬಂದ ಜೀವ ಉಪವಾಸ ಇರಬಾರದೆಂದು ಕೆಸರಿನುದ್ದಕ್ಕೂ ನಾಲ್ಕು ಹಿಡಿ ಹೆಚ್ಚೇ ಎರಚಿದ್ದರು. ಕೆಸರಗುಬ್ಬಿಗಳು ಕಡುಬು ಮುಟ್ಟಲಿಲ್ಲ. ಅವುಗಳ ಊಟ ಕೆಸರೊಳಗಿನ ಹುಳ. ಕಡುಬಿಗೆ ಬಂದದ್ದು ಕಾಗೆ, ಹದ್ದು. ಅವುಗಳ ಹಿಂದೆಯೇ ಆಳವಿಲ್ಲದ ನೀರು ದಾಟಿ ದಂಡೆಯ ನಾಯಿಗಳು ಬಂದವು. ಒಮ್ಮೆ ರುಚಿ ಹತ್ತಿದ ನಾಯಿಗಳಿಗೆ ದಾರಿ ರೂಢಿಯಾಯಿತು. ಸಂಕ್ರಮಣದ ಹೊತ್ತಿಗೆ ದಿಬ್ಬದ ಮೇಲೆ ಒಂದು ಹಕ್ಕಿಯೂ ಇರಲಿಲ್ಲ.

ಈ ಸಲ ಹಾಗೆಯೇ ಆದರೆ ಅವು ಈ ದಿಬ್ಬವನ್ನು ಪೂರ್ತಿ ಬಿಟ್ಟುಬಿಟ್ಟಾವು ಎಂಬ ಹೆದರಿಕೆ ಸುವರ್ಣಾಳಿಗೆ. ಆದರೆ ಅತ್ತೆಯ ಹೊಲದಲ್ಲಿ ಕಣ್ಣಿಗೆ ಕಾಣುವುದು ಅದೊಂದೇ ತುಣುಕು. ಅಲ್ಲಿಗೆ ಕಾಲಿಡಬೇಡ ಎಂದು ಸೊಸೆಯಾದವಳು ಯಾವ ಬಾಯಲ್ಲಿ ಹೇಳಬೇಕು?

ದಿಬ್ಬ ಇನ್ನೊಂದು ಕೂಗಳತೆ ಇರುವಾಗ ಹಾಯಿ ಇಳಿಸಿ ಗಳ ಊರುತ್ತಾಳೆ. ಎಳೆಬಿಸಿಲಲ್ಲಿ ಕೆಸರಿನ ಮೇಲೆ ಪುಟ್ಟ ಹಕ್ಕಿಗಳ ಓಡಾಟ ಕಾಣುತ್ತದೆ.

"ಯಾಕ ನಿಂದ್ರಿಸಿದಿ?"

"ಇಲ್ಲಿಂದನ ಚೆಲ್ಲಬೇ ಅತ್ತಿ. ಇಳಿಯೂದು ಬ್ಯಾಡ."

"ನನ್ನ ಹೊಲಕ್ಕ ನಾ ಇಳೀಬಾರದನ? ಬಂದ ಹಕ್ಕಿ ಮಾಲಕ ಆದವೇನ?"

"ಮಾಲಕ ಅಲ್ಲ, ಬೀಗರ ಅನ್ನು. ಬೀಗರು ಉಣ್ಣಾಕ ಕುಂತಾಗ ನಾಯಿ ಬಿಟ್ರ ಎದ್ದ ಹೋಗೂದಿಲ್ಲನ? ಹ್ವಾದ ವರ್ಷ ನೀನ ನೋಡಿದಿ."

ಮುದಕವ್ವ ದಿಬ್ಬದತ್ತ ನೋಡುತ್ತಾರೆ. ಆಮೇಲೆ ಈಚೆ ದಂಡೆಯ ಬೇವಿನ ಮರ, ಆಚೆ ದಂಡೆಯ ಗುಡಿಯ ಶಿಖರ ಎರಡನ್ನೂ ಕಣ್ಣಲ್ಲೇ ಅಳೆದು, "ತುಸು ಹಿಂದಕ ಸರಸು," ಎನ್ನುತ್ತಾರೆ. ಸುವರ್ಣಾ ಸರಿಸುತ್ತಾಳೆ.

"ಸಾಕು, ನಿಂದ್ರಸು. ಇಲ್ಲೆ ನಮ್ಮ ಬಾವಿ ಇತ್ತು. ನಿಮ್ಮ ಮಾವ ಇದರ ಕಟ್ಟಿ ಮ್ಯಾಲ ನಿಂತನ ಮೊದಲ ತುತ್ತ ಚೆಲ್ಲತಿದ್ರು. ದಿಬ್ಬ ಅಷ್ಟ ಹೊಲಾ ಏನ? ನೀರಿನ ತಳಗಿಂದೂ ನಂದ ಐತಿ."

ಕೈಮುಗಿದು, ಕಣ್ಣುಮುಚ್ಚಿ, ಚರಗವನ್ನು ನೀರಿಗೆ ಬಿಡುತ್ತಾರೆ. ಮೀನುಗಳು ಮೇಲೆದ್ದು ಬಾಯಿ ಹಾಕುತ್ತವೆ. ದಿಬ್ಬದ ಮೇಲೆ ಒಂದು ಹಕ್ಕಿಯೂ ಏಳುವುದಿಲ್ಲ.

ಉಳಿದ ಕಡುಬನ್ನು ಅತ್ತೆ ಸೊಸೆ ದೋಣಿಯಲ್ಲೇ ಕೂತು ತಿನ್ನುತ್ತಾರೆ. ದಂಡೆಯಲ್ಲಿ ಆಗಲೇ ದುರ್ಬೀನಿನವರು ಕಾಯುತ್ತಿದ್ದಾರೆ. ಸುವರ್ಣಾ ಕೈ ತೊಳೆದು ಗಳ ಕೀಳುತ್ತಾಳೆ. ನಿನಗೆ ಇನ್ನೇನು ಬೇಕು ಎಂದು ಅವರಲ್ಲಿ ಯಾರಾದರೂ ಕೇಳಿದರೆ ಹಕ್ಕಿಗಳತ್ತ ಕೈ ತೋರಿಸಿ ಹೇಳುತ್ತಾಳೆ:

"ಯುಗಾದಿ ಆಗೂತನ ಇರಲ್ರಿ. ಹೊಳ್ಳಿ ಹೋಗೂ ದಾರಿ ಬಾಳ ದೂರ ಐತಿ. ನಮ್ಮ ಹೊಲದಾಗ ಹೊಟ್ಟಿ ತುಂಬ ಉಂಡ ಹೋದ್ವು ಅಂದ್ರ ಸಾಕು."