ಹಿಮ ಕಾಣದ ಸರ್ವೇಯರ್ ಕಾಕಾ

ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಮೂವತ್ತು ವರ್ಷಕ್ಕೂ ಮೇಲೆ ಹೊಲದ ಬದುಗಳ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ ಅಳತೆಯ ದುರ್ಬೀನಿನಲ್ಲಿ ನೋಡಿ ನೋಡಿ ಹಾಗಾಗಿತ್ತಂತೆ. ಎದುರಿಗೆ ಕೂತವರಿಗೆ ಮಾತ್ರ, ತಾವು ಹೇಳಿದ್ದನ್ನು ಈ ಮನುಷ್ಯ ನಂಬಲಿಲ್ಲ ಅನ್ನಿಸುತ್ತಿತ್ತು. ಅವರು ನಂಬುತ್ತಲೂ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಭಾಲ್ಕಿ, ಭಾಲ್ಕಿ" ಎಂದು ಕೂಗುತ್ತಿದ್ದರೂ, ಬೋರ್ಡು ಓದಿ, ಒಳಗೆ ಕೂತ ಇಬ್ಬರನ್ನು ಕೇಳಿಯೇ ಹತ್ತುತ್ತಿದ್ದರು.

ಬೀದರಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಔರಾದ ಕಡೆಯ ಬೌದ್ಧ ಮನೆತನದಲ್ಲಿ ಮೊದಲು ಸರ್ಕಾರಿ ನೌಕರಿ ಹಿಡಿದವರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಓಣಿಗೆಲ್ಲ ಅವರು ಸರ್ವೇಯರ್ ಕಾಕಾ.

ನಾನು ಹಲಬರ್ಗಾದಲ್ಲಿ ಹುಟ್ಟಿದವಳು, ಭಾಲ್ಕಿಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕಿ. ಗುಲ್ಮಾರ್ಗ್‌ನಲ್ಲಿ ಹದಿನಾಲ್ಕು ದಿನದ ತರಬೇತಿಗೆ ಹೋಗಿ ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಆಟ ಕಲಿತವಳು. ಅಲ್ಲಿ ಜೊತೆಗೆ ಕಲಿತ ಹೈದರಾಬಾದಿನ ಮೂವರು ಗೆಳತಿಯರಿದ್ದರು. ಒಂದು ಸಲವಾದರೂ ಆಲ್ಪ್ಸ್‌ನ ದೊಡ್ಡ ಗುಡ್ಡಗಳಲ್ಲಿ ಇಳಿಯಬೇಕೆಂದು ನಾಲ್ವರೂ ವರ್ಷಗಟ್ಟಲೆ ಮಾತಾಡಿಕೊಂಡಿದ್ದೆವು. ನನಗೆ ರಜೆ ಸಿಗುವುದು ಏಪ್ರಿಲ್‌ನಲ್ಲಿ ಮಾತ್ರ. ಟ್ರಾವೆಲ್ ಏಜೆಂಟರೊಬ್ಬರು ಫ್ರಾನ್ಸಿನ ಒಂದು ಹೆಸರಾಂತ ಊರನ್ನು ಸೂಚಿಸಿ, ಹೊಳೆಯುವ ಫೋಟೊಗಳನ್ನೂ ನಕ್ಷೆಯನ್ನೂ ಕಳಿಸಿದರು. ಅದನ್ನು ಅಂಗಳದಲ್ಲಿ ಹರವಿಕೊಂಡು ಕೂತಿದ್ದಾಗ ಕಾಕಾ ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿದರು.

"ಫೋಟೊ ಯಾವ ತಿಂಗಳದಾಗ ತೆಗ್ದಾರ?"

"ಗೊತ್ತಿಲ್ರಿ ಕಾಕಾ."

"ಮತ್ತ ಕೇಳು. ಈ ಮೂರು ಸಾವಿರ ಮೀಟರ್ ಅಂತ ಬರ್ದಾರಲ್ಲ, ಅಲ್ಲಿಗಿ ಎಷ್ಟು ರೋಪ್‌ವೇ ಹೋಗ್ತಾವ? ನನಗ ಒಂದೇ ಕಾಣ್ತದ. ಗಾಳಿ ಬಿಟ್ರ ಅದು ಬಂದ್. ಉಳಿದ ಗುಡ್ಡ ಎಲ್ಲಾ ಕೆಳಗವ, ದಕ್ಷಿಣಕ್ಕ ಮುಖ ಮಾಡ್ಯಾವ. ಏಪ್ರಿಲ್ ಬಿಸಿಲಿಗಿ ನೀವು ಕೆಸರಿನಾಗ ಜಾರ್ತೀರಿ."

ನನಗೆ ಸಿಟ್ಟು ಬಂತು. ಈ ಮನುಷ್ಯ ಜೀವಮಾನದಲ್ಲಿ ಹಿಮ ಕಂಡವರಲ್ಲ. ಔಷಧಿ ಅಂಗಡಿ ನಡೆಸುವ ನನ್ನ ಗಂಡನಿಗೆ ಬೇರೆಯದೇ ಸಂಶಯ: "ಕೇಳದೆ ಇಷ್ಟ್ ಹೇಳ್ಲತ್ತಾರಂದ್ರ, ಇನ್ಯಾರೋ ಏಜೆಂಟ್ ಇವ್ರ ಪರಿಚಯದವ್ರು ಇರ್ಬೇಕು ನೋಡು." ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮರುದಿನದಿಂದ ಕಾಕಾ ಯಾವುದಾದರೂ ಕಂಪನಿಯ ಹೆಸರು ಎತ್ತುತ್ತಾರೇನೋ ಎಂದು ಕಾದೆ. ಎತ್ತಲಿಲ್ಲ. ಅದೂ ಒಂದು ಜಾಣತನವೇ ಇರಬಹುದು ಅಂದುಕೊಂಡೆ.

ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಗುಲ್ಮಾರ್ಗ್‌ನ ನಕ್ಷೆಯನ್ನು ಪ್ರಿಂಟ್ ತೆಗೆಸಿ, ಊರ ಹೆಸರುಗಳನ್ನೆಲ್ಲ ಕತ್ತರಿಸಿ, "ಇಲ್ಲಿ ಮೊದಲು ಎಲ್ಲಿ ಹಿಮ ಕರಗ್ತದರಿ ಕಾಕಾ?" ಎಂದು ಮುಂದಿಟ್ಟೆ. ಅವರು ಕನ್ನಡಕ ಏರಿಸಿ, ಎತ್ತರ ತೋರಿಸುವ ಸುತ್ತು ಗೆರೆಗಳ ಮೇಲೆ ಬೆರಳು ಓಡಿಸಿದರು. ಗೆರೆಗಳು ಹತ್ತಿರ ಬಂದರೆ ಗುಡ್ಡ ಕಡಿದು, ದೂರ ಸರಿದರೆ ಇಳುಕಲು ಸಲೀಸು. ಅಷ್ಟು ನನಗೂ ಗೊತ್ತಿತ್ತು. ಅವರ ಬೆರಳು ಮರಗಳ ಕೆಳಗೆ ಗುಡ್ಡ ಮಡಚಿದಂತಿದ್ದ ಒಂದು ತಗ್ಗಿನಲ್ಲಿ ನಿಂತಿತು. "ಇಲ್ಲಿ. ಮಧ್ಯಾಹ್ನದ ಮ್ಯಾಲೆ ಕಾಲು ಹೂಳ್ತದ." ಅದೇ ಜಾಗದಲ್ಲಿ, ತರಬೇತಿಯ ಕೊನೆಯ ವಾರ, ನಾನು ಮೊಣಕಾಲವರೆಗೆ ಹೂತುಹೋಗಿದ್ದೆ. ಇಬ್ಬರು ಸೇರಿ ಎಳೆದು ತೆಗೆದಿದ್ದರು.

ಕಾಕಾ ಕಾಗದವನ್ನು ಎತ್ತಿ, ಕತ್ತರಿಸಿದ ತೂತುಗಳ ಮೂಲಕ ನನ್ನನ್ನು ನೋಡಿದರು.

"ನೀ ಹೋಗಿ ಬಂದ ಜಾಗ ಇದು. ನನಗ ಪರೀಕ್ಷಾ ಮಾಡ್ಲಾಕ ತಂದಿ."

ನಾನು ತಲೆ ತಗ್ಗಿಸಿದೆ.

"ಇರ್ಲಿ ಅವ್ವಾ. ಛಲೋ ಮಾಡ್ದಿ. ಕುಂದ್ರು, ಚಾ ಕುಡಿ."

ಅವತ್ತಿನಿಂದ ಎರಡು ತಿಂಗಳು ಅವರ ಪಡಸಾಲೆಯೇ ನಮ್ಮ ಕಚೇರಿಯಾಯಿತು. ಆರು ಊರುಗಳ ನಕ್ಷೆ ನೋಡಿದೆವು. ಉಳಿಯುವ ಊರು ಎಷ್ಟು ಎತ್ತರದಲ್ಲಿದೆ, ಗುಡ್ಡದ ಮುಖ ಯಾವ ದಿಕ್ಕಿಗೆ, ಮಂಜು ಮುಸುಕಿದ ದಿನ ಮರಗಳ ನಡುವೆ ಇಳಿಯಲು ದಾರಿ ಇದೆಯೇ, ಗಾಳಿಗೆ ಮೇಲಿನ ರೋಪ್‌ವೇ ನಿಂತರೆ ಉಳಿಯುವುದೇನು. ಪ್ರತಿ ಊರಿನ ಗುಡ್ಡಗಳನ್ನು ಆಗಿಂದಾಗ್ಗೆ ತೋರಿಸುವ ನೇರ ಕ್ಯಾಮೆರಾಗಳನ್ನು ಕಾಕಾ ಮೊಬೈಲಿನಲ್ಲಿ ದಿನಾ ಸಂಜೆ ನೋಡುತ್ತಿದ್ದರು. "ಜಾಹೀರಾತಿನಾಗ ಬಿಸಿಲು, ಕ್ಯಾಮೆರಾದಾಗ ಮೋಡ" ಎಂದು ಗೊಣಗುತ್ತಿದ್ದರು. ಕೊನೆಗೆ ಯಾರೂ ಹೆಚ್ಚು ಹೆಸರು ಹೇಳದ, ಎತ್ತರದಲ್ಲಿರುವ, ಉತ್ತರಕ್ಕೆ ಮುಖ ಮಾಡಿದ ಗುಡ್ಡಗಳ ಒಂದು ಊರನ್ನು ಆರಿಸಿದೆವು. ಹಿಮ ಕಾಣದ ಬೀದರಿನ ಮುದುಕರೊಬ್ಬರ ಮಾತಿಗೆ ರಜೆಯನ್ನೆಲ್ಲ ಪಣಕ್ಕಿಡುವುದೇ ಎಂದು ಗೆಳತಿಯರು ಫೋನಿನಲ್ಲಿ ಜಗಳಾಡಿದರು. ಹೇಗೋ ಒಪ್ಪಿಸಿದೆ.

ಹೊರಡುವ ಹಿಂದಿನ ದಿನ ಕಾಕಾ ನಕ್ಷೆಯ ಮೇಲೆ ಎರಡು ಕಡೆ ಕೆಂಪು ಪೆನ್ನಿನಿಂದ ಗೆರೆ ಎಳೆದು ಕೊಟ್ಟರು. "ಇಲ್ಲಿ ಯಾರು ಕರದ್ರೂ ಹೋಗಬ್ಯಾಡ."

ಅಲ್ಲಿ ಹಿಮ ಅವರು ಹೇಳಿದಂತೆಯೇ ಇತ್ತು. ಏಪ್ರಿಲ್ ಎರಡನೇ ವಾರದಲ್ಲೂ ಬೆಳಿಗ್ಗೆ ಕಾಲಡಿ ಗಟ್ಟಿಯಾಗಿ ಕರಕರ ಎನ್ನುತ್ತಿತ್ತು. ಏಜೆಂಟರು ಸೂಚಿಸಿದ್ದ ಊರಿನ ಕ್ಯಾಮೆರಾ ತೆರೆದು ನೋಡಿದರೆ ಕೆಳಗಿನ ಇಳಿಜಾರುಗಳಲ್ಲಿ ಕಂದು ಮಣ್ಣು. ಗೆಳತಿಯರು ಕಾಕಾನಿಗೆ ಸಲಾಂ ಹೇಳು ಎಂದರು.

ನಾಲ್ಕನೇ ದಿನ, ರಾತ್ರಿಯಿಡೀ ಹಿಮ ಬಿದ್ದು ಬೆಳಿಗ್ಗೆ ಬಿಸಿಲಾಗಿತ್ತು. ಗುಡ್ಡದ ಮೇಲೆ ಪರಿಚಯವಾದ ಒಬ್ಬಾತ, ಹಿಮ ಕುಸಿತದ ಎಚ್ಚರಿಕೆಗೆ ಕಟ್ಟಿದ ಹಗ್ಗದ ಆಚೆ ಯಾರೂ ತುಳಿಯದ ಒಂದು ಕಣಿವೆಯಿದೆ, ತಾನು ಎಷ್ಟೋ ಸಲ ಇಳಿದಿದ್ದೇನೆ ಎಂದ. ಗೆಳತಿಯರ ಕಣ್ಣು ಅರಳಿತು. ಜೇಬಿನಿಂದ ನಕ್ಷೆ ತೆಗೆದು ನೋಡಿದೆ. ಕೆಂಪು ಗೆರೆಗಳಲ್ಲಿ ಒಂದು ಅದೇ ಕಣಿವೆಯ ಮೇಲಿತ್ತು.

"ನಾ ಬರಲ್ಲ. ನೀವೂ ಹೋಗಬ್ಯಾಡ್ರಿ," ಎಂದೆ.

"ಇಷ್ಟು ದೂರ ಬಂದು ಬೀದರಿನ ಪೆನ್ನಿಗೆ ಹೆದರ್ತೀಯಾ?" ಎಂದಳು ಒಬ್ಬಳು. ಮೂವರೂ ಹಗ್ಗ ದಾಟಿದರು.

ನಾನು ಎಂದಿನ ದಾರಿಯಲ್ಲೇ ಇಳಿದು, ಒಂದು ತಾಸು ಕೆಳಗಿನ ಕಟ್ಟೆಯ ಮೇಲೆ ಕೂತಿದ್ದೆ. ಕಣಿವೆಯ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಮೂವರೂ ನಗುತ್ತಾ, ಹುಬ್ಬಿಗೆಲ್ಲ ಹಿಮ ಮೆತ್ತಿಕೊಂಡು ಬಂದರು. ಏನೂ ಆಗಿರಲಿಲ್ಲ. ಬದುಕಿನಲ್ಲೇ ಅಂಥ ಇಳಿತ ಕಂಡಿಲ್ಲ ಎಂದರು. ಉಳಿದ ದಿನಗಳಲ್ಲಿ ನನ್ನನ್ನು ಸಾಕಷ್ಟು ಕಾಡಿಸಿದರು.

ಊರಿಗೆ ಬಂದವಳೇ ಕಾಕಾನ ಪಡಸಾಲೆಗೆ ಹೋದೆ. ಮಾತಿನಲ್ಲಿ ಸ್ವಲ್ಪ ಹುಳಿಯಿತ್ತು. "ನಿಮ್ಮ ಕೆಂಪು ಗೆರಿ ತಪ್ಪಾಯ್ತ್ ನೋಡ್ರಿ. ನನ್ನ ಗೆಳತ್ಯಾರು ಮೂವರೂ ಅಲ್ಲೇ ಇಳದ್ರು."

"ಮೂರೂ ಮಂದಿ ಬಂದ್ರಾ?"

"ಬಂದ್ರು."

"ಪೆಟ್ಟು ಗಿಟ್ಟು?"

"ಏನಿಲ್ರಿ."

ಅವರು ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಆಮೇಲೆ, ನಾನು ಕೇಳದಿದ್ದರೂ, ಒಂದು ಸಂಗತಿ ಹೇಳಿದರು. ನೌಕರಿಯ ಮೊದಲ ವರ್ಷ, ಕಮಲನಗರದ ಆಚೆಯ ಒಂದು ಹಳ್ಳಿ. ವಿಧವೆಯೊಬ್ಬಳ ಹೊಲ ಅಳೆಯಬೇಕಿತ್ತು. ಬಿಸಿಲು ಜೋರಾಗಿತ್ತು. ಪಕ್ಕದ ಹೊಲದವನು ಮರದ ಕೆಳಗೆ ಕೂಡಿಸಿ, ಗಡಿಯ ಬಾಂದುಕಲ್ಲು ಅಲ್ಲೇ ಇದೆ, ಹಿಂದಿನ ಸಾಹೇಬರೇ ಹಾಕಿಸಿದ್ದು ಎಂದ. ಇವರು ನಂಬಿ, ಕೂತಲ್ಲೇ ಗೆರೆ ಎಳೆದರು. ಆಕೆಯ ಬಾವಿ ಅವನ ಪಾಲಾಯಿತು.

"ಆಕಿ ಕಚೇರಿಗಿ ಬಂದು ಒಂದೇ ಮಾತು ಕೇಳಿದ್ಳು. ಸಾಹೇಬ್ರೆ, ನೀವು ನಡದು ನೋಡಿದ್ರ್ಯಾ? ಅಂತ. ನಾ ನೋಡಿದ್ದಿಲ್ಲ. ತಿದ್ದಲಾಕ ಬಹಳ ತಿರುಗಿದೆ, ಆಗ್ಲಿಲ್ಲ. ಆಕಿ ಬರೋದು ಬಿಟ್ಳು."

ಕಾಕಾ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಿನ್ನ ಆ ಬರಫಿನ ಗುಡ್ಡ ನಾ ನಡದು ನೋಡಿಲ್ಲ ಅವ್ವಾ. ಅಲ್ಲಿ ಹಿಮ ಕುಸೀತದ ಅಂತ ನನಗ ಎಲ್ಲಿ ಗೊತ್ತು? ನನಗ ಗೊತ್ತಿಲ್ಲ ಅನ್ನೋದಕ್ಕ ಆ ಗೆರಿ ಹಾಕಿದ್ದೆ."

ಆ ಮಾತು ಕೇಳಿದ ಮೇಲೆ ಅವರ ಮುಂದೆ ಹುಳಿ ಮಾತಾಡುವ ಧೈರ್ಯ ನನಗೆ ಬರಲಿಲ್ಲ. ಇಷ್ಟು ದಿನ ಅವರು ಜಗತ್ತನ್ನೆಲ್ಲ ಸಂಶಯಿಸುತ್ತಾರೆ ಅಂದುಕೊಂಡಿದ್ದೆ. ಅವರು ಎಲ್ಲರಿಗಿಂತ ಹೆಚ್ಚು ಸಂಶಯಿಸುತ್ತಿದ್ದುದು ತಮ್ಮನ್ನೇ.

ಕಳೆದ ದೀಪಾವಳಿಯ ಮುಂಚೆ, ಮುಂದಿನ ಪ್ರವಾಸಕ್ಕೆಂದು ಜಪಾನಿನ ನಕ್ಷೆಗಳನ್ನು ನೋಡಲು ಶುರು ಮಾಡಿದ್ದ ವಾರದಲ್ಲೇ, ಅವರು ತೀರಿಕೊಂಡರು. ಎದೆನೋವೆಂದು ಆಸ್ಪತ್ರೆಗೆ ಹೋದವರು ಎರಡು ದಿನವೂ ಇರಲಿಲ್ಲ. ಔರಾದ ಹತ್ತಿರದ ಅವರ ಊರಿಗೆ ಒಯ್ದರು. ನನ್ನ ಗಂಡನೂ ಹೆಗಲು ಕೊಟ್ಟ.

ಹದಿನೈದು ದಿನದ ನಂತರ ಹೈದರಾಬಾದಿನಿಂದ ಫೋನ್ ಬಂತು. ಬೀದರಿನ ಪೆನ್ನಿಗೆ ಹೆದರ್ತೀಯಾ ಎಂದಿದ್ದ ಗೆಳತಿಯೇ. ಕಾಕಾ ಇಲ್ಲದ ಸುದ್ದಿ ಹೇಳಿದೆ. ಆಮೇಲೆ ಕೇಳಿದಳು, "ಇನ್ನು ನಮ್ಮ ನಕ್ಷೆ ನೋಡೋರು ಯಾರು?"

"ನಾ ನೋಡ್ತೀನಿ," ಎಂದೆ. "ಆದ್ರ ನಾ ನೋಡಿದ ಮ್ಯಾಲೆ ನೀನೂ ಒಂದ್ಸಲ ನೋಡು."